ಶುದ್ಧಪ್ರತಿ

ಸಾರಕ್ಕಿ,
6 ಆಗಸ್ಟ್ 1983

ಅನಂತಪದ್ಮನಾಭ ಅವರಿಗೆ,

ಏಳನೇ ತರಗತಿಯ ಮಕ್ಕಳಿಗೆ ಪತ್ರಲೇಖನ ಕಲಿಸುವವಳು ನಾನು. ತಂದೆಗೆ ತೀರ್ಥರೂಪು, ಗೆಳೆಯನಿಗೆ ಪ್ರಿಯ, ಮುಖ್ಯೋಪಾಧ್ಯಾಯರಿಗೆ ಮಾನ್ಯರೇ. ಬಿಟ್ಟುಬಂದ ಗಂಡನಿಗೆ ಏನೆಂದು ಬರೆಯಬೇಕೆಂಬುದು ಪಠ್ಯಪುಸ್ತಕದಲ್ಲಿಲ್ಲ. ಆದ್ದರಿಂದ ಬರಿಯ ಹೆಸರಿನಿಂದ ಶುರು ಮಾಡಿದ್ದೇನೆ. ನಾನು ಕ್ಷೇಮ. ನೀವೂ ಕ್ಷೇಮವೆಂದು ನಿಮ್ಮ ಪತ್ರದ ಉತ್ಸಾಹದಿಂದಲೇ ತಿಳಿಯಿತು.

ಎರಡು ವರ್ಷ ಎರಡು ತಿಂಗಳ ಮೇಲೆ ನೀವು ಬರೆದ ಮೊದಲ ಪತ್ರ ಅದು. ನಾನು ಎಲ್ಲಿ ಮಲಗುತ್ತೇನೆ, ಏನು ಉಣ್ಣುತ್ತೇನೆ ಎಂದು ಕೇಳುವುದಕ್ಕೆ ಬರೆದಿರಬಹುದೆಂದು ಒಂದು ಕ್ಷಣ ಅಂದುಕೊಂಡೆ. ಇಲ್ಲ. ನಿಮ್ಮ ಲೇಖನಗಳ ಪುಸ್ತಕ ಬರುತ್ತಿದೆ. ಅದಕ್ಕೆ ‘ಸಿಡಿಲ ಮನುಷ್ಯನ ಗುಟ್ಟು’ ಎಂಬ ಲೇಖನ ಬೇಕು. ಅಚ್ಚಾದ ವಾರಪತ್ರಿಕೆ ಎಲ್ಲೂ ಸಿಗುತ್ತಿಲ್ಲ, ಕರಡಿನಲ್ಲಿರುವ ನಿಮ್ಮ ಅಕ್ಷರ ನಿಮಗೇ ಅರ್ಥವಾಗುತ್ತಿಲ್ಲ, ನಾನು ಮಾಡಿಟ್ಟ ಶುದ್ಧಪ್ರತಿಯ ಎರಡನೇ ನಕಲು ನನ್ನ ಟ್ರಂಕಿನಲ್ಲಿದ್ದರೆ ಕಳಿಸಬೇಕು. ಇದು ಒಂದು. ಬಿಡುಗಡೆಗೆ ಕರೆಯಲು ವಿಮಲಾಳ ವಿಳಾಸ ಬೇಕು. ಇದು ಎರಡು. ಪುಸ್ತಕವನ್ನು ‘ನನ್ನ ಬರಹಗಳ ಮೊದಲ ಓದುಗರಾದ ಹೆಂಡತಿ ಮತ್ತು ಮಗಳಿಗೆ’ ಅರ್ಪಿಸುತ್ತೀರಿ, ಅದಕ್ಕೆ ನಮ್ಮ ಒಪ್ಪಿಗೆ ಬೇಕಿಲ್ಲ, ಸುಮ್ಮನೆ ತಿಳಿಸುತ್ತಿದ್ದೀರಿ. ಇದು ಮೂರು.

ಕೊನೆಗೆ ಒಂದು ಸಾಲು ಸೇರಿಸಿದ್ದೀರಿ: ‘ಆಗ ನಮ್ಮ ಮನೆಯಲ್ಲಿ ಏನಾಯಿತೆಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.’ ಆ ಸಾಲನ್ನು ನಾನು ಎರಡು ಸಲ ಓದಿದೆ. ನಿಮಗೆ ಅರ್ಥವಾಗದ್ದೂ ಒಂದಿದೆ. ಪರದೇಶದ ಚಿತ್ರದಲ್ಲಿ ಯಾರೋ ಬಾಗಿಲು ಮುಚ್ಚಿದರೆ ಅದರ ಹಿಂದೆ ಏನು ನಡೆಯಿತೆಂದು ಹೇಳಬಲ್ಲವರು ನೀವು. ನಿಮ್ಮ ಸ್ವಂತ ಮನೆಯ ಬಾಗಿಲು ಎರಡು ಸಲ ಮುಚ್ಚಿತು, ಏಕೆಂದು ತಿಳಿಯಲಿಲ್ಲ. ಹಾಗಾದರೆ ಮೊದಲಿನಿಂದ ಹೇಳುತ್ತೇನೆ. ಮಕ್ಕಳಿಗೆ ಹೇಳಿದ ಹಾಗೆ ಬಿಡಿಸಿ ಹೇಳುತ್ತೇನೆ, ಅಭ್ಯಾಸವಿದೆ.

1979ರ ಡಿಸೆಂಬರ್. ದಂಡು ಪ್ರದೇಶದ ಥಿಯೇಟರಿಗೆ ಆ ಸಿಡಿಲ ಮನುಷ್ಯನ ಇಂಗ್ಲಿಷ್ ಚಿತ್ರ ಬಂದಿತ್ತು. ವಿಮಲಾ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಅವಳೂ ಅವಳ ಸಹಪಾಠಿ ಕಮಲಾದೇವಿಯೂ ನೋಡಬೇಕೆಂದರು. ಚಿಕ್ಕ ಮಕ್ಕಳ ಚಿತ್ರವೆಂದು ಮೂಗು ಮುರಿದ ನೀವು, ನೋಡದೆ ಟೀಕಿಸಬಾರದೆಂಬ ತತ್ವ ನೆನಪಾಗಿ ಅವರನ್ನು ಕರೆದುಕೊಂಡು ಹೋದಿರಿ. ನನಗೆ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವುದಿತ್ತು. ಸಂಜೆ ಮೂವರೂ ಬಂದಾಗ ಹುಡುಗಿಯರ ಮುಖ ಇನ್ನೂ ಆಕಾಶದಲ್ಲೇ ಇತ್ತು. ವಿಮಲಾ ಬೆಡ್‌ಶೀಟನ್ನು ಕುತ್ತಿಗೆಗೆ ಕಟ್ಟಿಕೊಂಡು ಹಜಾರದ ತುಂಬ ಓಡಾಡುತ್ತ ನನಗೆ ಕಥೆ ಹೇಳಿದಳು. ಅವಳು ಬಿಟ್ಟದ್ದನ್ನು ಕಮಲಾದೇವಿ ಸೇರಿಸಿದಳು.

ಯಾವುದೋ ಬಂದರು ಪಟ್ಟಣ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ನಾಚಿಕೆ ಸ್ವಭಾವದ ಗುಮಾಸ್ತನಿಗೆ ಸಿಡಿಲು ಬಡಿಯುತ್ತದೆ. ಸಾಯುವ ಬದಲು ಅವನಿಗೆ ಹಾರುವ ಶಕ್ತಿ ಬರುತ್ತದೆ. ಬೆಳ್ಳಿ ಬಣ್ಣದ ಉಡುಪು ತೊಟ್ಟು, ಮುಖ ಮುಚ್ಚಿಕೊಂಡು, ಮುಳುಗುವ ಹಡಗು, ಕುಸಿಯುವ ಸೇತುವೆ ಎಲ್ಲವನ್ನೂ ಎತ್ತಿ ಹಿಡಿಯುತ್ತಾನೆ. ಅವನನ್ನು ಪ್ರೀತಿಸುವ ಒಬ್ಬ ನರ್ಸ್ ಇದ್ದಾಳೆ. ಅವಳು ಮದುವೆಯ ಮಾತೆತ್ತಿದಾಗಲೆಲ್ಲ ಎಲ್ಲೋ ಬೆಂಕಿ ಬಿದ್ದು ಇವನು ಹಾರಿಹೋಗುತ್ತಾನೆ. ಇವನ ಗುಟ್ಟು ಗೊತ್ತಿರುವವನು ಒಬ್ಬನೇ, ಸಮುದ್ರದ ದಡದಲ್ಲಿ ದೀಪಸ್ತಂಭ ಕಾಯುವ ಗೆಳೆಯ. ಹರಿದ ಉಡುಪನ್ನು ಹೊಲಿದು ಕೊಡುವವನು ಅವನು.

ಹುಡುಗಿಯರು ಕಂಡದ್ದು ಇದು. ನೀವು ಕಂಡದ್ದು ಹದಿನೇಳು ಪುಟ.

ನಿಮ್ಮ ಕೈಬರಹ ನಿಮ್ಮ ವಿದ್ಯಾರ್ಥಿಗಳಿಗೂ ತಿಳಿಯದು, ಅಚ್ಚುಮೊಳೆ ಜೋಡಿಸುವವರಿಗೂ ತಿಳಿಯದು. ಮದುವೆಯಾದ ವರ್ಷದಿಂದ ನೀವು ಬರೆದದ್ದನ್ನೆಲ್ಲ ನಾನೇ ದುಂಡಗೆ ಬರೆದುಕೊಡುತ್ತಿದ್ದೆ. ಸಂಕ್ರಾಂತಿ ರಜೆಯಲ್ಲಿ ಸಾರು ಕುದಿಯುತ್ತಿರುವಾಗ ಒಲೆಯ ಪಕ್ಕ ಕೂತು ಆ ಲೇಖನದ ಶುದ್ಧಪ್ರತಿ ಮಾಡಿದೆ. ದೀಪಸ್ತಂಭ ಏನೆಂಬುದಕ್ಕೆ ಎರಡು ಪುಟ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳಿಗೆ ಎರಡು ಸಾಲು ಸಾಕಿತ್ತು. ಸೇತುವೆ ಏನು, ಸಿಡಿಲು ಏನು, ಉಡುಪು ಅಷ್ಟು ಬಿಗಿಯಾಗಿರುವುದು ಏಕೆ, ಗೆಳೆಯನ ಸೂಜಿ ಬಟ್ಟೆಯೊಳಗೆ ಹೋಗಿ ಹೊರಬರುವುದು ಏನು. ಅಂಚೆಯವನು ಲಕೋಟೆಗೆ ನಾಲಿಗೆ ತಾಗಿಸಿದ್ದಕ್ಕೂ ಒಂದು ಅಡಿಟಿಪ್ಪಣಿ ಇತ್ತು. ಇಬ್ಬರು ಗಂಡಸರ ನಡುವೆ ಇರುವುದು ಸ್ನೇಹವಲ್ಲ, ಬಚ್ಚಿಟ್ಟ ಕಾಮ. ನರ್ಸಿನಿಂದ ಓಡಿಹೋಗುವುದು ಬೆಂಕಿ ಆರಿಸಲಿಕ್ಕಲ್ಲ. ಹೀಗೆ ಅಡಿಯಲ್ಲಿ ಅಡಗಿರುವ ಅರ್ಥಕ್ಕೆ ನೀವು ‘ಉಪಪಠ್ಯ’ ಎಂದು ಹೆಸರಿಟ್ಟಿದ್ದಿರಿ. ಕೊನೆಯ ಪ್ಯಾರಾ ನನಗೆ ಬಾಯಿಪಾಠವಾಗಿದೆ: ಬೆಳ್ಳಿ ಉಡುಪಿನ ಕೆಳಗಿರುವುದು ಒಂದು ರೋಗ, ಮಕ್ಕಳ ಮನರಂಜನೆಯ ಸೋಗಿನಲ್ಲಿ ಅದು ನಮ್ಮ ಮನೆಗಳೊಳಕ್ಕೆ ಬರುತ್ತಿದೆ, ಎಚ್ಚರ.

ನನಗೆ ಅದೆಲ್ಲ ಅರ್ಥವಾಗುವುದಿಲ್ಲವೆಂದು ನೀವು ತಿಳಿದಿದ್ದಿರಿ. ಬರೆದು ಮುಗಿಸಿ ಕೊಟ್ಟಾಗ, ಅಕ್ಷರ ಬಿಟ್ಟು ಬೇರೇನನ್ನೂ ನೋಡಬೇಡ ಎಂದು ನಕ್ಕಿರಿ. ನಾನೂ ನಕ್ಕೆ. ನನ್ನ ಆ ನಗುವಿನ ಉಪಪಠ್ಯ ನಿಮಗೆ ಸಿಗಲಿಲ್ಲ.

ಫೆಬ್ರವರಿಯಲ್ಲಿ ಜಯನಗರ ನಾಲ್ಕನೇ ಬ್ಲಾಕಿನ ಶಾಲೆಯ ಹಾಲಿನಲ್ಲಿ ನಿಮ್ಮ ಫಿಲ್ಮ್ ಸೊಸೈಟಿಯವರು ಸಭೆ ಸೇರಿಸಿದರು. ಕಾರ್ಯದರ್ಶಿ ಸೇತುರಾಮ್, ನಿವೃತ್ತ ಇಂಜಿನಿಯರ್, ನಿಮ್ಮನ್ನು ಪರಿಚಯಿಸುತ್ತ ಕನ್ನಡದಲ್ಲಿ ಇಂಥ ಧೈರ್ಯ ಇದೇ ಮೊದಲು ಎಂದರು. ನಾನು ಕೊನೆಯ ಸಾಲಿನಲ್ಲಿದ್ದೆ. ಸೂಜಿಯ ಭಾಗ ಬಂದಾಗ ಗಂಡಸರು ಕೆಮ್ಮುತ್ತ ನಕ್ಕರು. ಇದ್ದ ಐದಾರು ಹೆಂಗಸರು ಮಡಿಲು ನೋಡಿಕೊಂಡರು. ಪ್ರಶ್ನೆ ಕೇಳಬಹುದು ಎಂದಾಗ ಎದ್ದು ನಿಂತವಳು ನಿಮ್ಮ ಮಗಳು ಒಬ್ಬಳೇ.

“ಅಪ್ಪಾ, ಅವ್ರಿಬ್ರೂ ಬರೀ ಫ್ರೆಂಡ್ಸ್ ಆಗಿರಬಾರ್ದಾ?”

“ಬರೀ ಅನ್ನೋದು ಪ್ರಪಂಚದಲ್ಲಿ ಯಾವುದೂ ಇಲ್ಲಮ್ಮ,” ಎಂದಿರಿ.

ಹಾಲ್ ಪೂರ್ತಿ ನಕ್ಕಿತು. ವಿಮಲಾ ಕೂಡ ಸೋತವಳ ಹಾಗೆ ನಕ್ಕು ಕೂತಳು. ಅವಳ ಪಕ್ಕದಲ್ಲಿದ್ದ ಕಮಲಾದೇವಿ ಮಾತ್ರ ನಗಲಿಲ್ಲ.

ಆಮೇಲೆ ವಾರಪತ್ರಿಕೆಯವರು ಕೇಳಿ ಹಾಕಿಕೊಂಡರು. ಓದುಗರ ಓಲೆಗಳು ಬಂದವು, ಬೈದವು, ಹೊಗಳಿದವು. ನಿಮ್ಮ ಕಣ್ಣಿಗೆ ಏನೋ ಹತ್ತಿಬಿಟ್ಟಿತು. ಹಲ್ಲುಪುಡಿಯ ಜಾಹೀರಾತು ನೋಡಿ ತಲೆಯಾಡಿಸುವಿರಿ. ಪಕ್ಕದ ಮನೆ ಸೀತಮ್ಮನವರು ಖಾರದ ಪುಡಿ ಕುಟ್ಟಲು ಒನಕೆ ಕೇಳಿಕೊಂಡು ಬಂದರೆ ಪೇಪರಿನ ಹಿಂದೆ ಮುಗುಳ್ನಗುವಿರಿ; ಅರವತ್ತೆಂಟು ವರ್ಷದ ಆ ಹೆಂಗಸು, ಮೇಷ್ಟ್ರು ಈಗ ಎಷ್ಟು ಹಸನ್ಮುಖಿ ಆಗಿದ್ದಾರೆ ನೋಡಿ ಎಂದು ನನ್ನ ಹತ್ತಿರ ಸಂತೋಷಪಟ್ಟರು. ಎಲ್ಲೆಲ್ಲೂ ಅದನ್ನೇ ಕಂಡ ನೀವು ಕಾಣದ್ದು ಒಂದೇ. ಒಂಬತ್ತು ವರ್ಷದಿಂದ ನಾವಿಬ್ಬರು ಬೇರೆ ಬೇರೆ ಕೋಣೆಯಲ್ಲಿ ಮಲಗುತ್ತಿದ್ದೆವು. ಅದನ್ನು ಓದಲು ಯಾವ ಉಪಪಠ್ಯವೂ ಬೇಕಿರಲಿಲ್ಲ. ದಪ್ಪ ಅಕ್ಷರದಲ್ಲೇ ಬರೆದಿತ್ತು.

ಕಮಲಾದೇವಿಯ ವಿಷಯಕ್ಕೆ ಬರುತ್ತೇನೆ. ಜರಗನಹಳ್ಳಿಯ ಹುಡುಗಿ. ತಂದೆ ಸಂಜೀವಯ್ಯ ಸರ್ಕಾರಿ ಕಚೇರಿಯೊಂದರಲ್ಲಿ ಅಟೆಂಡರ್, ತಾಯಿ ಪಾರ್ವತಮ್ಮ. ಎರಡು ಕೋಣೆಯ ಮನೆಯಲ್ಲಿ ಆರು ಜನ, ಗೋಡೆಯ ಮೇಲೆ ಬುದ್ಧನ ಪಟ, ಓದಲು ಜಾಗವಿಲ್ಲ. ಕಾಲೇಜು ಮುಗಿಸಿ ನೇರ ನಮ್ಮ ಮನೆಗೆ ಬಂದು ವಿಮಲಾಳ ಜೊತೆ ಓದಿ, ಏಳು ಗಂಟೆಗೆ ಕನಕಪುರ ರಸ್ತೆಯ ಬಸ್ಸು ಹಿಡಿಯುತ್ತಿದ್ದಳು. ಎರಡೂವರೆ ವರ್ಷ ಹಾಗೆ ಬಂದಳು. ಗಣಿತದಲ್ಲಿ ವಿಮಲಾಳನ್ನು ಕೈಹಿಡಿದು ನಡೆಸಿದವಳು ಅವಳು. ಅವಳ ಕೈಬರಹ ಮಾತ್ರ ಕೆಟ್ಟದಾಗಿತ್ತು. ನಾನು ಮೇಲ್ಪಂಕ್ತಿ ಹಾಕಿಕೊಟ್ಟು ತಿದ್ದಿಸುತ್ತಿದ್ದೆ. ಒಂದು ವರ್ಷದಲ್ಲಿ ಅವಳ ‘ಕ್ಷ’ ನನ್ನ ‘ಕ್ಷ’ದ ಹಾಗೇ ಆಯಿತು.

ನೀವು ಅವಳೊಂದಿಗೆ ಹತ್ತು ಮಾತು ಆಡಿದವರಲ್ಲ. ಆದರೆ ಸೇತುರಾಮ್ ಬಂದಾಗ ಅವಳು ಅಡುಗೆಮನೆಯಿಂದ ಕಾಫಿ ತಂದುಕೊಟ್ಟರೆ, ಅವಳು ಒಳಗೆ ಹೋಗುವುದನ್ನೂ ಕಾಯದೆ, “ನಮ್ಮನೇಲಿ ಇದೆಲ್ಲ ಇಲ್ಲ ನೋಡಿ, ಅಡುಗೆಮನೆ ತನಕ ಓಡಾಡ್ತಾಳೆ,” ಎನ್ನುತ್ತಿದ್ದಿರಿ. ಪ್ರಗತಿಪರತೆಯನ್ನು ತೋರಿಸಲು ಮನೆಯಲ್ಲೇ ಒಂದು ವಸ್ತುವಿದ್ದರೆ ಅನುಕೂಲ.

ಮಾರ್ಚ್ ಮೊದಲ ವಾರ. ವಿಮಲಾಳ ರವಿಕೆಯ ಬೆನ್ನಿನ ಹೊಲಿಗೆ ಬಸ್ಸಿನಲ್ಲಿ ಬಿಚ್ಚಿಹೋಗಿತ್ತು. ಹಿತ್ತಲ ಮೆಟ್ಟಿಲ ಮೇಲೆ ಅವಳು ಪುಸ್ತಕ ಓದುತ್ತ ಕೂತಿದ್ದಳು; ಹಿಂದೆ ಕೂತು ಕಮಲಾದೇವಿ ತೊಟ್ಟ ರವಿಕೆಗೇ ಹೊಲಿಗೆ ಹಾಕುತ್ತಿದ್ದಳು. ಹಾಕಿ ಮುಗಿಸಿ, ಬಾಗಿ, ಹಲ್ಲಿನಿಂದ ದಾರ ಕಡಿದಳು. ನಾನು ಅಕ್ಕಿ ಆರಿಸುತ್ತ ಅಲ್ಲೇ ಇದ್ದೆ. ಕಿಟಕಿಯಲ್ಲಿ ನಿಮ್ಮ ಮುಖ ಕಂಡಿತು. ಆ ಮುಖ ನಾನು ನೋಡಿದ್ದೆ, ಹಾಲಿನ ವೇದಿಕೆಯ ಮೇಲೆ. ಏನನ್ನೋ ಕಂಡುಹಿಡಿದವನ ಮುಖ.

ಮರುದಿನದಿಂದ ವಿಮಲಾಳ ವಿಚಾರಣೆ. ಇಬ್ಬರೂ ಕೋಣೆಯ ಬಾಗಿಲು ಏಕೆ ಹಾಕಿಕೊಳ್ಳುತ್ತೀರಿ? ಹೊರಗೆ ನಿಮ್ಮ ರೇಡಿಯೋ ಎಂದಳು. ಅವಳು ಕೊಟ್ಟ ಕರ್ಚೀಫಿನ ಮೂಲೆಯಲ್ಲಿ ನಿನ್ನ ಹೆಸರಿನ ಅಕ್ಷರ ಏಕೆ? ಕರ್ಚೀಫ್ ಕಳೆಯದಿರಲಿ ಅಂತ ಎಂದಳು. ಬಡಪಾಯಿ, ಸುಮ್ಮನೆ ಸುಮ್ಮನೆ ಸತ್ಯ ಹೇಳುತ್ತ ಹೋದಳು. ಹೇಳಿದ್ದನ್ನು ಬಿಟ್ಟು ಹೇಳದ್ದನ್ನೇ ಕೇಳಿಸಿಕೊಳ್ಳುವವರ ಮುಂದೆ ಸತ್ಯಕ್ಕೆ ಏನು ಬೆಲೆ.

ಮಾರ್ಚ್ ಇಪ್ಪತ್ತರ ಸುಮಾರಿಗೆ ಮಹಿಳಾ ಕಾಲೇಜಿನ ಪ್ರಿನ್ಸಿಪಾಲರಿಗೆ ‘ಒಬ್ಬ ಜವಾಬ್ದಾರಿಯುತ ಪೋಷಕ’ನ ಪತ್ರ ಹೋಯಿತು. ತನ್ನ ಮಗಳ ಮೇಲೆ ಸಹಪಾಠಿ ಕಮಲಾದೇವಿ ಅನಾರೋಗ್ಯಕರವಾದ, ಪ್ರಕೃತಿವಿರುದ್ಧವಾದ ಪ್ರಭಾವ ಬೀರುತ್ತಿದ್ದಾಳೆ, ಇಬ್ಬರನ್ನೂ ಬೇರೆ ಮಾಡಬೇಕು, ವಿಷಯ ಗುಟ್ಟಾಗಿರಲಿ. ಗಮನಿಸಿ, ಪ್ರಭಾವ ಬೀರಿದವಳು ಅವಳು. ನಿಮ್ಮ ಮಗಳು ಬರಿಯ ಬಲಿ. ಲೇಖನದಲ್ಲಿ ಇಬ್ಬರು ಗಂಡಸರನ್ನೂ ಸಮಾನವಾಗಿ ರೋಗಿಗಳೆಂದು ಕರೆದ ನಿಮ್ಮ ನ್ಯಾಯ, ಜರಗನಹಳ್ಳಿಯ ಅಟೆಂಡರನ ಮಗಳವರೆಗೆ ಬರುವಷ್ಟರಲ್ಲಿ ಒಂದು ಕಾಲು ಮುರಿದುಕೊಂಡಿತ್ತು.

ಪ್ರಿನ್ಸಿಪಾಲರು ಸಂಜೀವಯ್ಯನವರನ್ನು ಕರೆಸಿ, ಕೋಣೆಯಲ್ಲಿ ಕೂರಿಸಿ, ಆ ಪತ್ರ ಓದಿಸಿದರು. ಕಾಲೇಜಿನ ಹೆಸರು ಕೆಡದಿರಲಿ, ಮಗಳು ಪರೀಕ್ಷೆಗೆ ಮಾತ್ರ ಬಂದರೆ ಸಾಕು ಎಂದರು. ಆಫೀಸಿನ ಗುಮಾಸ್ತರಿಗೆ ತಿಳಿದದ್ದು ಮಧ್ಯಾಹ್ನದ ಹೊತ್ತಿಗೆ ಕ್ಯಾಂಟೀನಿಗೂ ತಿಳಿಯಿತು. ಮಾರನೇ ಸಂಜೆ ಸಂಜೀವಯ್ಯ ನಮ್ಮ ಗೇಟಿನ ಹೊರಗೆ ನಿಂತಿದ್ದರು. ಖಾಕಿ ಬದಲಿಸಿ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಒಳಗೆ ಬನ್ನಿ ಎಂದು ನೀವು ಕರೆಯಲಿಲ್ಲ. ಅಡುಗೆಮನೆ ತನಕ ಓಡಾಡಬಹುದಾಗಿದ್ದ ಮನೆ ಅದು.

“ಸಾರ್, ನಮ್ ಹುಡುಗಿ ನಿಮ್ಮನೇಲಿ ಏನ್ ತಪ್ಪು ಮಾಡಿದ್ಲು, ಅದೊಂದ್ ಹೇಳ್ಬಿಡಿ. ನಾನೇ ಬುದ್ಧಿ ಹೇಳ್ತೀನಿ,” ಎಂದರು.

ನೀವು ಅವರಿಗೆ ಸಿಡಿಲ ಮನುಷ್ಯನ ಕಥೆ ಹೇಳಿದಿರಿ. ಗೇಟಿಗೆ ಒರಗಿ ನಿಂತು ಹತ್ತು ನಿಮಿಷ ದೀಪಸ್ತಂಭ, ಉಡುಪು, ಸೂಜಿ. ಹೊರಗಿನಿಂದ ಮುಗ್ಧವಾಗಿ ಕಾಣುವುದು ಒಳಗೆ ಹಾಗಿರುವುದಿಲ್ಲ ಎಂದು ವಿವರಿಸಿದಿರಿ. ಆತ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ಮೂವತ್ತು ವರ್ಷ ಸಾಹೇಬರ ಮಾತು ಮುಗಿಯುವವರೆಗೆ ನಿಂತು ಅಭ್ಯಾಸವಿದ್ದವರು.

“ನಾನು ಆ ಪಿಚ್ಚರ್ ನೋಡಿಲ್ಲ ಸಾರ್,” ಎಂದರು ಕೊನೆಗೆ. “ನಿಮ್ ಮಗಳೂ ನನ್ ಮಗಳೂ ಓದ್ತಾ ಕೂತಿದ್ದು ನೋಡಿದೀನಿ. ಅಷ್ಟೇ ನಂಗೊತ್ತಿರೋದು.”

ಹೋಗುವ ಮುಂಚೆ ಅವರು ನಿಮ್ಮ ಭುಜದಾಚೆ ನೋಡಿದರು. ಬಾಗಿಲಲ್ಲಿ ನಾನು ನಿಂತಿದ್ದೆ. ನಾನು ಏನಾದರೂ ಹೇಳುತ್ತೇನೆಂದು ಕಾದರು. ನಾನು ಒಳಗೆ ಹೋಗಿ ಒಲೆಯ ಮೇಲಿದ್ದ ಹಾಲು ಇಳಿಸಿದೆ. ಹಾಲು ಇನ್ನೂ ಕಾದಿರಲಿಲ್ಲ.

ಕಮಲಾದೇವಿ ಪರೀಕ್ಷೆಗೂ ಬರಲಿಲ್ಲ. ನಮ್ಮ ಮನೆಯಲ್ಲಿ ವಿಮಲಾ ನಿಮ್ಮೊಂದಿಗೆ ಮಾತು ಬಿಟ್ಟಳು. ನನ್ನೊಂದಿಗೆ ಬೇಕಾದಷ್ಟು ಮಾತ್ರ: ಊಟ ಆಯ್ತು, ಹೋಗಿ ಬರ್ತೀನಿ. ಹದಿಹರೆಯದ ಮುನಿಸು ಎಂದಿರಿ ನೀವು, ಇಪ್ಪತ್ತು ವರ್ಷದವಳನ್ನು. ಅವಳು ಪರೀಕ್ಷೆ ಬರೆದಳು, ಮೊದಲ ದರ್ಜೆಯಲ್ಲಿ ಪಾಸಾದಳು, ಬ್ಯಾಂಕಿನ ಪರೀಕ್ಷೆ ಕಟ್ಟಿ ಅದರಲ್ಲೂ ಪಾಸಾದಳು. ಮುಂದಿನ ವರ್ಷ ಫೆಬ್ರವರಿಯಲ್ಲಿ ದೂರದ ಊರಿಗೆ ಕೆಲಸದ ಆದೇಶ ಬಂತು. ಬೆಂಗಳೂರಿನಲ್ಲೇ ಜಾಗ ಕೇಳಬಹುದಿತ್ತಲ್ಲ ಎಂದಿರಿ. ದೂರ ಬೇಕೆಂದು ಕೇಳಿ ಬರೆಸಿಕೊಂಡಿದ್ದೇನೆ ಎಂದಳು. ಒಂದು ಸೂಟ್‌ಕೇಸು, ಒಂದು ಹಾಸಿಗೆ ಸುರುಳಿ. ಆಟೋ ಹತ್ತುವಾಗ ನನಗೆ ಒಂದೇ ಮಾತು ಹೇಳಿದಳು. ಅದನ್ನು ಕೆಳಗೆ ಬರೆಯುತ್ತೇನೆ.

ಮೂರು ತಿಂಗಳಾದ ಮೇಲೆ ನೀವು ಫಿಲ್ಮ್ ಸೊಸೈಟಿಯಲ್ಲಿ ಎರಡನೇ ಉಪನ್ಯಾಸಕ್ಕೆ ಒಪ್ಪಿಕೊಂಡಿರಿ. ‘ಕುಟುಂಬದೊಳಗಿನ ಉಪಪಠ್ಯ.’ ಕರಡಿನಲ್ಲಿ ಒಂದು ಉದಾಹರಣೆ ಇತ್ತು: ಲೇಖಕನಿಗೆ ಪರಿಚಯದ ಒಂದು ಮನೆ, ಇಬ್ಬರು ಕಾಲೇಜು ಹುಡುಗಿಯರು, ಹಿತ್ತಲ ಮೆಟ್ಟಿಲು, ಸೂಜಿ. ಹೆಸರು ಬದಲಿಸಿದ್ದಿರಿ. ಅದನ್ನು ನನ್ನ ಮುಂದಿಟ್ಟು, ಭಾನುವಾರದ ಒಳಗೆ ಆಗುತ್ತದೆಯೇ ಎಂದು ಕೇಳಿದಿರಿ. ಆಗುವುದಿಲ್ಲ ಎಂದೆ. ಇಪ್ಪತ್ತಮೂರು ವರ್ಷದಲ್ಲಿ ಆ ಮಾತು ನೀವು ಮೊದಲ ಸಲ ಕೇಳಿದ್ದು. ಕೈನೋವೇ ಎಂದು ವಿಚಾರಿಸಿದಿರಿ. ಆ ಭಾನುವಾರ ನೀವು ಸೇತುರಾಮ್ ಅವರ ಮನೆಗೆ ಹೋಗಿದ್ದಾಗ ನಾನು ಟ್ರಂಕು ಕಟ್ಟಿಕೊಂಡು ಸಾರಕ್ಕಿಗೆ ಬಂದೆ. ಶಾಲೆಯ ಸಹೋದ್ಯೋಗಿ ನಾರಾಯಣಮ್ಮನವರ ಮನೆಯ ಹಿಂಭಾಗದಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಕಿಟಕಿಯಿಂದ ಕೆರೆ ಕಾಣುತ್ತದೆ. ಏನಾಯಿತೆಂದು ಕೇಳಿದ್ದಿರಲ್ಲ, ಇದು ಆಯಿತು.

ಇಲ್ಲಿಯವರೆಗೆ ಓದಿ ನೀವು ನಗುತ್ತಿರಬಹುದು. ಇವಳು ಒಂದು ವಿಷಯ ಬಿಟ್ಟಿದ್ದಾಳೆ ಎಂದು ನಿಮಗೆ ಗೊತ್ತು. ಬಿಟ್ಟದ್ದನ್ನು ಓದುವುದರಲ್ಲಿ ನೀವು ಪಂಡಿತರು. ಬರೆಯುತ್ತೇನೆ, ತಾಳಿ.

ಇಲ್ಲಿಗೆ ಬಂದ ಎರಡನೇ ವಾರ ಜರಗನಹಳ್ಳಿಗೆ ನಡೆದುಕೊಂಡೇ ಹೋದೆ. ಹತ್ತಿರದಲ್ಲೇ ಇದೆ, ಎರಡೂವರೆ ವರ್ಷ ನಮ್ಮ ಮನೆಯಲ್ಲಿ ಉಂಡು ಓದಿದ ಹುಡುಗಿಯ ಮನೆಗೆ ನಾನು ಹೋದದ್ದು ಅದೇ ಮೊದಲು. ಪಾರ್ವತಮ್ಮ ಚಾಪೆ ಹಾಸಿ ಕೂರಿಸಿ ಕಾಫಿ ಕೊಟ್ಟರು. ಕಮಲಾದೇವಿ ಮನೆಯಲ್ಲಿರಲಿಲ್ಲ. ನಾನು ಕ್ಷಮೆ ಕೇಳಲು ಬಂದಿದ್ದೇನೆ, ನಮ್ಮ ಯಜಮಾನರು ಮಾಡಿದ್ದು ತಪ್ಪು ಎಂದೆ. ಸಂಜೀವಯ್ಯ ನನ್ನ ಕೈಯ ಕಡೆ ನೋಡಿದರು.

“ಅಕ್ಷರ ಬಹಳ ಚೆನ್ನಾಗಿತ್ತು ಮೇಡಂ,” ಎಂದರು. “ಪ್ರಿನ್ಸಿಪಾಲ್ ಮೇಡಂ ಕಾಗದ ಕೈಗೆ ಕೊಟ್ಟಾಗ, ನಮ್ ಹುಡುಗೀನೇ ಏನೋ ತಪ್ಪೊಪ್ಪಿಗೆ ಬರ್ದವಳೆ ಅನ್ಕೊಂಡೆ. ಅವ್ಳ ಅಕ್ಷರದ ಥರಾನೇ ಇತ್ತು. ಆಮೇಲೆ ಅವ್ಳನ್ನೂ ಕರ್ಸಿ ತೋರ್ಸಿದ್ರು, ಅವ್ಳೇ ನೋಡಿ ಹೇಳಿದ್ಲು, ಇದು ನಂದಲ್ಲಪ್ಪ, ಆಂಟಿ ಅಕ್ಷರ ಅಂತ.”

ಹೌದು. ಆ ಪತ್ರದ ಶುದ್ಧಪ್ರತಿಯನ್ನೂ ನಾನೇ ಮಾಡಿದ್ದು. ನೀವು ಎಂದಿನಂತೆ ಮೇಜಿನ ಮೇಲೆ ಕರಡು ಇಟ್ಟಿರಿ, ನಾನು ಎಂದಿನಂತೆ ಸಂಜೆಯೊಳಗೆ ಬರೆದುಕೊಟ್ಟೆ. ಅರ್ಥವಾಗದೆ ಬರೆದೆನೆಂದು ಹೇಳಿಕೊಳ್ಳುವ ಅನುಕೂಲ ನನಗಿಲ್ಲ. ಪ್ರತಿ ಪದ ಅರ್ಥವಾಗಿತ್ತು. ಎದ್ದು ಹೋಗಿ ಒಲೆಗೆ ಹಾಕಬಹುದಿತ್ತು. ಪರೀಕ್ಷೆ ಹತ್ತಿರ ಬಂತು, ಸ್ವಲ್ಪ ದಿನ ಇಬ್ಬರೂ ದೂರವಿದ್ದರೆ ನೀವೂ ತಣ್ಣಗಾಗುತ್ತೀರಿ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ‘ಪ್ರಕೃತಿವಿರುದ್ಧ’ ಎಂಬಲ್ಲಿ ನೀವು ಒತ್ತಕ್ಷರ ತಪ್ಪು ಬರೆದಿದ್ದಿರಿ. ನಾನು ಅದನ್ನು ತಿದ್ದಿದೆ. ಆ ಹುಡುಗಿಯ ಕುತ್ತಿಗೆಗೆ ಹಾಕುವ ಹಗ್ಗದಲ್ಲಿ ಸಿಕ್ಕು ಇರಬಾರದೆಂದು ಬಿಡಿಸಿ ಕೊಟ್ಟವಳು ನಾನು.

ವಿಮಲಾ ಆಟೋ ಹತ್ತುವಾಗ ಹೇಳಿದ್ದು ಇದು: “ಅಪ್ಪ ಬರೆದಿದ್ದು ಓದಕ್ಕೇ ಆಗ್ತಿರ್ಲಿಲ್ಲ ಅಮ್ಮ. ನೀನು ಓದೋ ಥರ ಮಾಡ್ದೆ.”

ನಿಮ್ಮ ಬಗ್ಗೆ ನನಗಿರುವ ತಿರಸ್ಕಾರ ದೊಡ್ಡದು. ಅದನ್ನು ಬಚ್ಚಿಡುವ ಪ್ರಯತ್ನವನ್ನೂ ನಾನು ಈ ಪತ್ರದಲ್ಲಿ ಮಾಡಿಲ್ಲ. ಆದರೆ ನಿಮ್ಮನ್ನು ತಿರಸ್ಕರಿಸುವಾಗ ನನಗೆ ಒಂದು ಬಗೆಯ ಸುಖವಿದೆ, ಬಾಯಿ ಚಪ್ಪರಿಸುತ್ತೇನೆ. ನನ್ನ ಸರದಿ ಬಂದಾಗ ಆ ಸುಖವಿಲ್ಲ. ವ್ಯತ್ಯಾಸ ಅಷ್ಟೇ.

ಇನ್ನು ನಿಮ್ಮ ಮೂರು ಬೇಡಿಕೆಗಳು. ಶುದ್ಧಪ್ರತಿ ಟ್ರಂಕಿನಲ್ಲಿತ್ತು, ಇದರೊಂದಿಗೆ ಇಟ್ಟಿದ್ದೇನೆ. ಹದಿನೇಳು ಪುಟವೂ ಇದೆ, ಅಡಿಟಿಪ್ಪಣಿ ಸಮೇತ. ಇದನ್ನು ಹರಿದುಹಾಕಿದ್ದರೆ ನಿಮ್ಮ ಪುಸ್ತಕದ ಮುನ್ನುಡಿಯಲ್ಲಿ ಕಳೆದುಹೋದ ಮಹಾಲೇಖನವೆಂದು ಒಂದು ಪ್ಯಾರಾ ಬರುತ್ತಿತ್ತು. ಆ ಗೌರವ ಬೇಡ. ಅಚ್ಚಾಗಲಿ, ಜನ ಓದಲಿ, ಯಾರಿಗೂ ಏನೂ ಆಗುವುದಿಲ್ಲ. ಪುಸ್ತಕಗಳಿಂದ ಆಗುವ ಅನಾಹುತ ಕಡಿಮೆ. ಗೇಟಿಗೆ ಒರಗಿಕೊಂಡು ಮಾತಾಡಿದ್ದರಿಂದ ಆಗುವುದೇ ಹೆಚ್ಚು.

ವಿಮಲಾಳ ವಿಳಾಸ ಕೊಡುವುದಿಲ್ಲ. ಆರೋಗ್ಯವಾಗಿದ್ದಾಳೆ, ತಿಂಗಳಿಗೊಂದು ಕಾರ್ಡು ಬರೆಯುತ್ತಾಳೆ. ಮೊದಲ ವರ್ಷ ಅದರಲ್ಲಿ ಎರಡೇ ಸಾಲು ಇರುತ್ತಿತ್ತು, ಈಗ ಕಾರ್ಡು ತುಂಬುತ್ತದೆ. ನನಗೆ ಅಷ್ಟು ಸಿಕ್ಕಿದೆ. ಅದಕ್ಕಿಂತ ಹೆಚ್ಚು ಕೇಳುವ ಯೋಗ್ಯತೆ ನನಗಿಲ್ಲ, ನಿಮಗೆ ಅಷ್ಟೂ ಇಲ್ಲ.

ಅರ್ಪಣೆಯಲ್ಲಿ ನನ್ನ ಹೆಸರು ಬೇಡ, ನನ್ನ ಮಗಳ ಹೆಸರೂ ಬೇಡ. ಮೊದಲ ಓದುಗರು ಬೇಕೇ ಬೇಕೆಂದರೆ ಸೇತುರಾಮ್ ಅವರಿಗೆ ಅರ್ಪಿಸಿ. ಜನ ಅದರ ಒಳಾರ್ಥ ಹುಡುಕಿಕೊಳ್ಳಲಿ.

ಮುಂದಿನ ಲೇಖನಗಳನ್ನು ಟೈಪ್ ಮಾಡಿಸಿ. ಜಯನಗರದ ಕಾಂಪ್ಲೆಕ್ಸ್ ಹತ್ತಿರ ಒಳ್ಳೆಯ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇದೆ.

ಸರ್ವಮಂಗಳಾ

ಮತ್ತೆ: ಈ ಪತ್ರವನ್ನು ಅಂಚೆಗೆ ಹಾಕದೆ ಒಂಬತ್ತು ದಿನ ಇಟ್ಟುಕೊಂಡಿದ್ದೆ. ಇವತ್ತು ಸ್ವಾತಂತ್ರ್ಯ ದಿನ, ಅಂಚೆ ಇಲ್ಲ, ನಾಳೆ ಹಾಕುತ್ತೇನೆ. ನಿನ್ನೆ ಭಾನುವಾರ ಬೆಳಗಿನ ಆಟಕ್ಕೆ ಇಲ್ಲಿನ ಥಿಯೇಟರಿನಲ್ಲಿ ಆ ಚಿತ್ರ ಹಾಕಿದ್ದರು. ನಾರಾಯಣಮ್ಮನವರನ್ನು ಕರೆದುಕೊಂಡು ಹೋದೆ. ಮೊದಲ ಸಲ ನೋಡಿದೆ. ಹದಿನೇಳು ಪುಟ ಕೈಯಾರೆ ಎರಡು ಸಲ ಬರೆದವಳು, ಚಿತ್ರ ನೋಡಿರಲಿಲ್ಲ.

ಸೂಜಿ, ದೀಪಸ್ತಂಭ ಎಲ್ಲ ಬಿಡಿ. ಒಂದು ದೃಶ್ಯವನ್ನು ನೀವು ಎಲ್ಲೂ ಬರೆದಿಲ್ಲ. ಅವನು ಮುಳುಗುವ ಹಡಗಿನ ಕಡೆಗೆ ಹಾರಿಹೋದ ಮೇಲೆ ಆ ಗೆಳೆಯ ಮೆಟ್ಟಿಲಿಳಿದು ಬಂದು ಮೇಜಿನ ಮೇಲೆ ಎರಡು ತಟ್ಟೆ ಇಡುತ್ತಾನೆ. ಒಂದನ್ನು ಮುಚ್ಚಿಡುತ್ತಾನೆ. ತಾನೂ ಉಣ್ಣುವುದಿಲ್ಲ. ಒಂದು ಮಾತಿಲ್ಲ. ನಾರಾಯಣಮ್ಮ ನನ್ನ ಕಡೆ ಬಾಗಿ, “ಪಾಪ ಕಣ್ರೀ, ಅವನಿಗೆ ಇವನು ಅಂದ್ರೆ ಜೀವ,” ಎಂದರು. ಆಕೆಗೆ ಇಂಗ್ಲಿಷ್ ಬರುವುದಿಲ್ಲ, ಯಾವ ಸೊಸೈಟಿಯ ಸದಸ್ಯರೂ ಅಲ್ಲ. ನೀವು ಕಂಡದ್ದು ಚಿತ್ರದಲ್ಲಿ ಇತ್ತು. ಅದನ್ನು ನೀವು ರೋಗ ಎಂದಿರಿ, ಆಕೆ ಜೀವ ಎಂದರು.

ಕಮಲಾದೇವಿ ಪರೀಕ್ಷೆ ತಪ್ಪಿದ ಮಾರನೇ ವರ್ಷ ವಿಮಲಾ ಇರುವ ಊರಿಗೆ ಹೋಗಿ ಅಲ್ಲಿಂದ ಪರೀಕ್ಷೆ ಕಟ್ಟಿ ಪಾಸಾದಳು. ಈಗ ಅಲ್ಲಿಯ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. ಇಬ್ಬರೂ ಒಂದೇ ಮನೆಯಲ್ಲಿದ್ದಾರೆ, ಎರಡು ವರ್ಷವಾಯಿತು. ಸಂಜೀವಯ್ಯ ಮೂರು ತಿಂಗಳಿಗೊಮ್ಮೆ ರಾಗಿ ಹಿಟ್ಟು ಕಟ್ಟಿಕೊಂಡು ಹೋಗಿ ನಾಲ್ಕು ದಿನ ಇದ್ದು ಬರುತ್ತಾರೆ. ಅವರಿಬ್ಬರ ನಡುವೆ ಇರುವುದು ಏನೆಂದು ನಾನು ಕೇಳಿಲ್ಲ. ನೀವು ಓದಿದ್ದು ಅಲ್ಲೂ ಸರಿಯೇ ಇರಬಹುದು. ಸರಿಯಿದ್ದರೆ ಸರಿ. ದಸರಾ ರಜೆಗೆ ನನ್ನನ್ನು ಬಾ ಎಂದು ಬರೆದಿದ್ದಾರೆ. ಆ ಕಾರ್ಡನ್ನು ಬರೆದದ್ದು ವಿಮಲಾ ಅಲ್ಲ, ಕಮಲಾದೇವಿ. ಅಕ್ಷರ ಬದಲಾಯಿಸಿಕೊಂಡಿದ್ದಾಳೆ. ಈಗ ಅವಳ ‘ಕ್ಷ’ ಯಾರ ಹಾಗೂ ಇಲ್ಲ.